ದೋಷ ಸಂಖ್ಯೆ ಎಂಬತ್ತೆಂಟು ಮತ್ತು ನಾಲ್ಕನೆಯ ಜ್ಯೇಷ್ಠ

ಎಷ್ಟು ಹಿಂದೆ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ, ಏಕೆಂದರೆ ಅಲ್ಲಿನ ಪಂಚಾಂಗವನ್ನು ನಂಬುವ ಹಾಗಿಲ್ಲ. ಬಹಳ ಹಿಂದೆಯೇ ಇರಬೇಕು, ಸ್ಥಿರಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಮುಹೂರ್ತರಾಯ ಪ್ರಭುಗಳು ಆಳುತ್ತಿದ್ದರು. ಪ್ರಭುಗಳ ಆಳ್ವಿಕೆಯಲ್ಲಿ ಯಾವ ಕೆಲಸವೂ ತಡವಾಗುತ್ತಿರಲಿಲ್ಲ. ತಡವಾಗುವ ಸೂಚನೆ ಕಂಡರೆ ತಾರೀಖನ್ನೇ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ.

ಇದು ಶುರುವಾದದ್ದು ಹೀಗೆ. ಪಟ್ಟಾಭಿಷೇಕದ ವಾರ್ಷಿಕೋತ್ಸವದ ದಿನ ಪ್ರಭುಗಳು ಅರಮನೆಯ ಉಪ್ಪರಿಗೆಯಲ್ಲಿ ನಿಂತು, "ಆಷಾಢ ಹುಟ್ಟುವುದರೊಳಗೆ ದೊಡ್ಡಮ್ಮನ ಕೆರೆಯ ತೂಬಿಗೆ ಹೊಸ ಕಬ್ಬಿಣದ ಬಾಗಿಲು ಕೂರಿಸುತ್ತೇವೆ, ಇದು ನಮ್ಮ ವಚನ" ಎಂದು ಸಾರಿದರು. ಕೆಳಗೆ ನಿಂತ ಜನ ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ಹೆಚ್ಚಿನವರು ಕೆಳಗೇರಿಯವರು. ಕೆರೆಯ ಏರಿಯ ಬುಡದಲ್ಲಿ ನೂರಿಪ್ಪತ್ತು ಮನೆ ಕಟ್ಟಿಕೊಂಡು ಬಟ್ಟೆಗೆ ಬಣ್ಣ ಹಾಕಿ ಬದುಕುತ್ತಿದ್ದ ಜನ ಅವರು. ತೂಬಿನ ಹಳೆಯ ಮರದ ಬಾಗಿಲು ನೀರು ಕುಡಿದು ಊದಿಕೊಂಡು, ಕಲ್ಲಿಗೆ ಕಚ್ಚಿಕೊಂಡು, ಎರಡು ವರ್ಷದಿಂದ ಮೇಲೇಳುತ್ತಿರಲಿಲ್ಲ. ಹೆಚ್ಚಾದ ನೀರು ಕೋಡಿಯಲ್ಲಾದರೂ ಹರಿದು ಹೋಗಬೇಕಿತ್ತು, ಆದರೆ ಕೋಡಿಯ ಮೇಲೆ ಪ್ರಭುಗಳ ಜಲವಿಹಾರ ಮಂಟಪ ಎದ್ದಿತ್ತು. ಹೋಗಲು ದಾರಿ ಇಲ್ಲದ ನೀರು ಏರಿಯನ್ನೇ ದಾರಿ ಮಾಡಿಕೊಳ್ಳುತ್ತದೆ, ಏರಿಯ ಬುಡದಲ್ಲಿ ತಾವಿದ್ದೇವೆ ಎಂಬುದು ಕೆಳಗೇರಿಯ ತೊಟ್ಟಿಲ ಕೂಸಿಗೂ ಗೊತ್ತಿತ್ತು.

ಜ್ಯೇಷ್ಠ ಮುಗಿಯುತ್ತ ಬಂತು. ಬಾಗಿಲು ಬಂದಿರಲಿಲ್ಲ. ಬಾಗಿಲಿನ ಬಗ್ಗೆ ಮೂರು ಸಭೆ, ಒಂದು ಅಧ್ಯಯನ ಪ್ರವಾಸ, ಒಂದು ಲಾಂಛನ ಮತ್ತು ಒಂದು ಗೀತೆ ಬಂದಿದ್ದವು.

"ಆಚಾರ್ಯರೇ, ನಾಡಿದ್ದು ಆಷಾಢ" ಎಂದು ಪ್ರಭುಗಳು ಪಂಚಾಂಗಮಂತ್ರಿ ನಿಮೇಷಾಚಾರ್ಯರನ್ನು ಕರೆಸಿ ಕೇಳಿದರು. "ನಮ್ಮ ವಚನದ ಗತಿ ಏನು?"

"ವಚನ ಭದ್ರವಾಗಿದೆ ಮಹಾಪ್ರಭು. ಆಷಾಢದೊಳಗೆ ಎಂದಿರಿ. ಆಷಾಢ ಬಂದರೆ ತಾನೇ?"

"ಬರುವುದಿಲ್ಲವೇ?"

"ತಮ್ಮ ಅಪ್ಪಣೆ ಇಲ್ಲದೆ ಅದು ಹೇಗೆ ಬರುತ್ತದೆ? ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸವನ್ನು ಈ ಸಲ ಸ್ವಲ್ಪ ಮೊದಲೇ ಬರಮಾಡಿಕೊಳ್ಳೋಣ. ನಾಡಿದ್ದು ಅಧಿಕ ಜ್ಯೇಷ್ಠದ ಮೊದಲ ದಿನ."

ಹಾಗೇ ಆಯಿತು. ಅರಮನೆಯ ಗಡಿಯಾರ, ಕಚೇರಿಗಳ ತಾರೀಖು, ದೇವಸ್ಥಾನದ ಫಲಕ ಎಲ್ಲವನ್ನೂ ಮೂವತ್ತು ದಿನ ಹಿಂದಕ್ಕೆ ತಿರುಗಿಸಿ ಅರಗಿನ ಮೊಹರು ಒತ್ತಲಾಯಿತು. ಒಂದು ತೊಡಕು ಮಾತ್ರ ಉಳಿಯಿತು. ಅಧಿಕ ಮಾಸದಲ್ಲಿ ಯಾವ ಶುಭಕಾರ್ಯವನ್ನೂ ಆರಂಭಿಸುವ ಹಾಗಿಲ್ಲ, ತೂಬಿನ ಬಾಗಿಲು ಶುಭಕಾರ್ಯ. ಆದ್ದರಿಂದ ಆ ತಿಂಗಳೂ ಕೆಲಸ ಶುರುವಾಗಲಿಲ್ಲ. ಶುರುವಾಗದ್ದರಿಂದ ಮುಗಿಯಲಿಲ್ಲ. ಮುಗಿಯದ್ದರಿಂದ ಪರಮಾಧಿಕ ಜ್ಯೇಷ್ಠ ಬಂತು. ಅದರ ಹಿಂದೆ ಮಹಾಪರಮಾಧಿಕ ಜ್ಯೇಷ್ಠ. ಅಂದರೆ ಒಟ್ಟು ನಾಲ್ಕು ಜ್ಯೇಷ್ಠ. ಪಕ್ಕದ ರಾಜ್ಯಗಳಲ್ಲಿ ಅಷ್ಟು ಹೊತ್ತಿಗೆ ಭಾದ್ರಪದ ಕಾಲಿಟ್ಟಿತ್ತು.

ಮಳೆಗೆ ಮಾತ್ರ ರಾಜಾಜ್ಞೆ ತಲುಪಿರಲಿಲ್ಲ. ಅದು ತನ್ನ ಪಾಡಿಗೆ ತಾನು ಆಷಾಢದಲ್ಲಿ ಬಂತು, ಶ್ರಾವಣದಲ್ಲಿ ಜೋರಾಯಿತು. ಅದನ್ನು ಮಳೆ ಎನ್ನಬಾರದು, 'ಅಕಾಲಿಕ ಆರ್ದ್ರತೆ' ಎನ್ನಬೇಕು ಎಂದು ಸುತ್ತೋಲೆ ಹೊರಟಿತು. ಬೀದಿಯಲ್ಲಿ ಕೊಡೆ ಬಿಚ್ಚಿದವರನ್ನು ವದಂತಿ ಹರಡುವವರೆಂದು ಹಿಡಿದು, ಒಣಗಿಸಿ, ಎಚ್ಚರಿಕೆ ಕೊಟ್ಟು ಬಿಡಲಾಗುತ್ತಿತ್ತು.

ಈ ಕತೆ ಪ್ರಭುಗಳದ್ದಲ್ಲ, ನಕ್ಷಾಭವನದ ದೇವೀರಮ್ಮನದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು. ಬಡಗಿಯಾಗಿದ್ದ ಅಪ್ಪ ನೆಲದ ಮೇಲೆ ಇದ್ದಲಿನಲ್ಲಿ ಗೀಚುತ್ತಿದ್ದ ಗೆರೆ ನೋಡಿ ನೋಡಿ ನಕ್ಷೆ ಕಲಿತವಳು. ನಕ್ಷಾಭವನದಲ್ಲಿ ಪದವಿ ಪಡೆದ ಹನ್ನೊಂದು ಜನ ಅಧಿಕಾರಿಗಳಿದ್ದರು. ದೇವೀರಮ್ಮ ಗೆರೆ ಎಳೆಯುತ್ತಿದ್ದಳು, ಹನ್ನೊಂದು ಜನ ಅದರ ಮೇಲ್ವಿಚಾರಣೆ ಮಾಡುತ್ತಿದ್ದರು. ರಾಜ್ಯ ಮುಂದುವರಿಯುವುದು ಹೀಗೆಯೇ.

ಅಲ್ಲಿ 'ರೇಖಾಬ್ರಹ್ಮ' ಎಂಬ ಯಂತ್ರವಿತ್ತು. ಸಮುದ್ರದಾಚೆಯ ಕಂಪನಿಯಿಂದ ತರಿಸಿದ್ದು. ಪರದೆಯ ಮೇಲೆ ಸೇತುವೆ, ಗೋಪುರ, ತೂಬು ಏನು ಬೇಕಾದರೂ ಅದರಲ್ಲಿ ಬರೆಯಬಹುದಿತ್ತು, ಒಂದು ಕೂದಲಿನಷ್ಟೂ ಅಳತೆ ತಪ್ಪುತ್ತಿರಲಿಲ್ಲ. ಆದರೆ ಅದಕ್ಕೆ ಪರವಾನಗಿ ಬೇಕು. ಪರವಾನಗಿ ಇರುವುದು ಅದೇ ಕೋಣೆಯ ಇನ್ನೊಂದು ಪೆಟ್ಟಿಗೆಯಲ್ಲಿ, ಅದರ ಹೆಸರು ಸರ್ವರ್. ಒಲೆ ಹಚ್ಚಲು ಅತ್ತೆಯ ಅಪ್ಪಣೆ ಕೇಳುವ ಸೊಸೆಯ ಹಾಗೆ ರೇಖಾಬ್ರಹ್ಮ ದಿನಾ ಬೆಳಗ್ಗೆ ಆ ಪೆಟ್ಟಿಗೆಯನ್ನು ಕೇಳಬೇಕು. ಪೆಟ್ಟಿಗೆ ಹೂಂ ಅಂದರೆ ಕೆಲಸ, ಉಹೂಂ ಅಂದರೆ ಇಲ್ಲ. ರೇಖಾಬ್ರಹ್ಮದ ಮೊಹರಿಲ್ಲದ ನಕ್ಷೆಯ ಪ್ರಕಾರ ರಾಜ್ಯದಲ್ಲಿ ಒಂದು ಮೊಳೆಯನ್ನೂ ಹೊಡೆಯಬಾರದೆಂದು ಕಾನೂನಿತ್ತು.

ತೂಬಿನ ಬಾಗಿಲಿನ ನಕ್ಷೆ ಮೊದಲ ಜ್ಯೇಷ್ಠದಲ್ಲೇ ಸಿದ್ಧವಾಗಿತ್ತು, ಒಂದು ಅಳತೆ ಬಿಟ್ಟು. ಬಾಗಿಲು ಇಳಿಯಬೇಕಾದ ಕಲ್ಲಿನ ಜಾಡು ಏಳು ಅಂಗುಲ ಎಂದು ಹಳೆಯ ಕಡತದಲ್ಲಿತ್ತು. ದೇವೀರಮ್ಮನ ಗಂಡ, ಕೆಳಗೇರಿಯಲ್ಲೇ ಮನೆ ಇದ್ದ ಜವರಯ್ಯ, ಆ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿ ಬಿಡುವುದು, ಕಟ್ಟುವುದು ಅವನ ಕೆಲಸ. ನೀರು ತಳಕ್ಕಿಳಿದಿದ್ದಾಗ ಅವನು ತೂಬಿನೊಳಗೆ ಇಳಿದು ಗೇಣು ಹಾಕಿ ಬಂದು, "ಏಳಲ್ಲ ಕಣಮ್ಮಿ, ಒಂಬತ್ತು" ಅಂದಿದ್ದ. ಏಳನ್ನು ಒಂಬತ್ತು ಮಾಡಬೇಕು. ಒಂದು ಗೆರೆಯನ್ನು ಎರಡು ಅಂಗುಲ ಪಕ್ಕಕ್ಕೆ ಸರಿಸಬೇಕು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಮಾರನೆಯ ಬೆಳಗ್ಗೆ ಮಾಡಿದರಾಯಿತು ಎಂದು ಹೋದಳು. ಮಾರನೆಯ ಬೆಳಗ್ಗೆ ಅಧಿಕ ಜ್ಯೇಷ್ಠ.

ರೇಖಾಬ್ರಹ್ಮದ ಪರದೆಯ ಮೇಲೆ ಒಂದು ಬಿಳಿಯ ಚೌಕ ಬಂತು. ಪರವಾನಗಿ ಸಿಗಲಿಲ್ಲ. ದೋಷ ಸಂಖ್ಯೆ ಎಂಬತ್ತೆಂಟು.

ನಕ್ಷಾಭವನದ ಅಧೀಕ್ಷಕರು ಅಚ್ಚಣ್ಣಯ್ಯ. ಮೆದುವಾದ ಮನುಷ್ಯ, ಎಲ್ಲ ಹೆಂಗಸರನ್ನೂ ತಾಯಿ ಎನ್ನುವವರು. ಅವರು ಯಂತ್ರವನ್ನು ಆರಿಸಿ ಹಚ್ಚಿಸಿದರು. ಎಂಬತ್ತೆಂಟು. ತಂತಿ ಕಿತ್ತು ಊದಿ ಮತ್ತೆ ಸಿಕ್ಕಿಸಿದರು. ಎಂಬತ್ತೆಂಟು. ರೇಖಾಬ್ರಹ್ಮವನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿದರು, ಅದಕ್ಕೆ ಹನ್ನೆರಡು ದಿನ ಹಿಡಿಯಿತು, ಆಮೇಲೆ ಅದು ಇನ್ನೂ ಸ್ಪಷ್ಟವಾಗಿ ಎಂಬತ್ತೆಂಟು ಅಂದಿತು. ಒಂದು ಟಾಸ್ಕ್ ಫೋರ್ಸ್ ರಚನೆಯಾಯಿತು. ಅದು ಮೇಜಿನ ದಿಕ್ಕು ಬದಲಿಸಿತು, ಕುಂಬಳಕಾಯಿ ಒಡೆಸಿತು, ಒಡೆದ ಹೋಳಿನ ಮೇಲೆ ಒಬ್ಬ ಅಧಿಕಾರಿ ಜಾರಿ ಬಿದ್ದುದನ್ನು ಬಾಹ್ಯ ಹಸ್ತಕ್ಷೇಪ ಎಂದು ವರದಿ ಬರೆಯಿತು. ಪ್ರತಿ ಸೋಮವಾರ ಪ್ರಗತಿ ಪರಿಶೀಲನೆ ನಡೆಯುತ್ತಿತ್ತು. ದೋಷ ಸಂಖ್ಯೆ ಎಂಬತ್ತೆಂಟರಲ್ಲೇ ಸ್ಥಿರವಾಗಿದೆ, ಎಂಬತ್ತೊಂಬತ್ತಕ್ಕೆ ಏರಿಲ್ಲ ಎಂಬುದನ್ನು ಸಾಧನೆಯ ಕಲಂನಲ್ಲಿ ನಮೂದಿಸುತ್ತಿದ್ದರು.

ಮೂರನೆಯ ಜ್ಯೇಷ್ಠ ಕಳೆದು ನಾಲ್ಕನೆಯದರಲ್ಲಿ, ಕಡೆಗೂ ಕಂಪನಿಯ ಸಹಾಯವಾಣಿಗೆ ಫೋನು ಸಿಕ್ಕಿತು. ತಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದೂವರೆ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿಯ ದನಿ ಬಂತು. ಕೋಣೆಯಲ್ಲಿದ್ದವರೆಲ್ಲ ಕೇಳಲಿ ಎಂದು ಅಚ್ಚಣ್ಣಯ್ಯ ದನಿ ಜೋರಾಗಿ ಇಟ್ಟಿದ್ದರು.

"ಎಂಬತ್ತೆಂಟೇ? ಅದು ಬಹಳ ಸುಲಭ ಸರ್. ನಿಮ್ಮ ಯಂತ್ರದ ಗಡಿಯಾರವನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ. ಅವಧಿ ಮುಗಿದ ಪರವಾನಗಿಯನ್ನು ಕದ್ದು ಬಳಸುವವರು ಹಾಗೆ ಮಾಡುತ್ತಾರೆ, ಅದಕ್ಕೇ ಬೀಗ ಬೀಳುತ್ತದೆ. ಸರಿಯಾದ ತಾರೀಖು ಹಾಕಿ, ಬಿಟ್ಟುಕೊಳ್ಳುತ್ತದೆ. ಇವತ್ತು ಅಲ್ಲಿ ಯಾವ ತಾರೀಖು ಸರ್?"

ಹನ್ನೊಂದು ಜನ ಸೂರು ನೋಡಿದರು. ಹೊರಗೆ ಅಕಾಲಿಕ ಆರ್ದ್ರತೆ ಸುರಿಯುತ್ತಿತ್ತು.

"ಸರ್? ತಾರೀಖು?"

"ಅದು ನಮ್ಮ ರಾಜ್ಯದ ಆಂತರಿಕ ವಿಷಯ" ಎಂದು ಅಚ್ಚಣ್ಣಯ್ಯ ಫೋನು ಇಟ್ಟರು. ಗ್ರಾಹಕರು ಸಹಕರಿಸಲಿಲ್ಲ ಎಂದು ಕಂಪನಿ ದೂರನ್ನು ಮುಕ್ತಾಯ ಮಾಡಿತು. ದೂರು ಮುಕ್ತಾಯವಾದ ಬಗ್ಗೆ ನಕ್ಷಾಭವನದಲ್ಲಿ ಸಿಹಿ ಹಂಚಿದರು.

ದೇವೀರಮ್ಮ ತನ್ನ ಪಾಲಿನ ಮೈಸೂರುಪಾಕನ್ನು ಕಾಗದದಲ್ಲಿ ಸುತ್ತಿಕೊಂಡು, ಗಂಡನಿಗೆ ಬುತ್ತಿ ತೆಗೆದುಕೊಂಡು ಏರಿಯ ಮೇಲೆ ಹೋದಳು. ಜವರಯ್ಯ ಗೋಣಿಯ ಕೊಪ್ಪೆ ಹಾಕಿಕೊಂಡು ತೂಬಿನ ಕಟ್ಟೆಯ ಮೇಲೆ ಕೂತಿದ್ದ.

"ಏನಮ್ಮಿ, ಇವತ್ತಾರ ಬಾಯ್ ಬುಡ್ತಾ ನಿನ್ ಬೊಮ್ಮ?"

"ಎಂಬತ್ತೆಂಟು ಅಂತು."

"ನೆನ್ನೇನೂ ಅದೇ ಅಂದಿತ್ತಲ್ಲ. ಬ್ಯಾರೆ ಲೆಕ್ಕ ಬರಾಕಿಲ್ವಾ ಅದ್ಕೆ? ನಮ್ಮ ಕರಿಯಣ್ಣನ ಮಗನೇ ವಾಸಿ, ನೂರು ಗಂಟ ಹೇಳ್ತಾನೆ."

"ತಮಾಸೆ ಸಾಕು. ನೀರು ಎಷ್ಟ್ನೇ ಮೆಟ್ಲಲ್ಲದೆ?"

"ಏಳು ಮುಳುಗ್ತು. ಎಂಟ್ನೇದು ಕಾಲ್ ತೊಳ್ಕತಾ ಅದೆ."

ತೂಬಿನ ಒಳಮೈಗೆ ಬುಡದಿಂದ ಮೇಲಕ್ಕೆ ಹನ್ನೆರಡು ಕಲ್ಲಿನ ಮೆಟ್ಟಿಲುಗಳಿದ್ದವು. ಒಂಬತ್ತು ಮುಳುಗುವುದರೊಳಗೆ ಹೊಸ ಬಾಗಿಲನ್ನು ಮುಂದಿನ ಜಾಡಿನಲ್ಲಿ ಇಳಿಸಿದರೆ ನೀರು ನಿಲ್ಲುತ್ತದೆ, ಹಿಂದಿನ ಹಳೆಯ ಬಾಗಿಲನ್ನು ಆರಾಮಾಗಿ ಕಿತ್ತು ಹಾಕಿ, ಆಮೇಲೆ ಬೇಕಾದಷ್ಟು ನೀರು ಬಿಡಬಹುದು. ಒಂಬತ್ತು ದಾಟಿತೋ, ಸೆಳೆತಕ್ಕೆ ಬಾಗಿಲು ಇಳಿಯುವುದಿಲ್ಲ. ಹನ್ನೆರಡು ದಾಟಿತೋ, ಏರಿ ಉಳಿಯುವುದಿಲ್ಲ.

"ಒಂಬತ್ತು ದಾಟುದ್ರೆ ಏನ್ ಮಾಡೀರಿ?" ಅಂದಳು.

"ನಾನ್ ಇಳೀತೀನಿ. ಬುಡದಾಗೆ ಒಂದು ಬೆಣೆ ಅದೆ. ಅದ ಹೊಡುದ್ರೆ ಹಳೇ ಬಾಗ್ಲು ಒಡ್ಕಂಡು ನೀರು ನುಗ್ತದೆ."

"ನುಗ್ಗೋ ನೀರು ನಿಮ್ಮನ್ನ ಅಲ್ಲೇ ಬುಟ್ಬುಟ್ಟು ಹೋದದಾ?"

"ಎಲ್ ಬುಟ್ಟದು. ಕರ್ಕಂಡೇ ಹೋಯ್ತದೆ. ಅಷ್ಟು ದೂರ ಒಂದೇ ಹೋಗಾಕೆ ಅದ್ಕೂ ಬೇಜಾರಲ್ವಾ?" ಎಂದು ನಕ್ಕ. ಅವಳು ನಗದಿದ್ದುದನ್ನು ನೋಡಿ ಮುದ್ದೆ ಮುರಿದುಕೊಂಡ. "ನಿಮ್ಮಕ್ಕ ಗೌರಿ ಬಾಗಿನ ಕಳ್ಸವ್ಳೆ. ಕದ ಹಾಕ್ಕಂಡು ತಕ್ಕೊ. ಜ್ಯೇಷ್ಠದಲ್ಲಿ ಗೌರಿ ಕೂರ್ಸುದ್ರೆ ಗೌರೀನೇ ಹಿಡ್ಕಂಡ್ ಹೋದಾರು."

ಮಧ್ಯಾಹ್ನ ಕಚೇರಿಗೆ ಮರಳಿದವಳೇ ದೇವೀರಮ್ಮ ಯಂತ್ರದ ಗಡಿಯಾರವನ್ನು ತಾನೇ ಸರಿಮಾಡಲು ನೋಡಿದಳು. ಅದರ ಮೇಲೆ ಪಂಚಾಂಗ ಇಲಾಖೆಯ ಅರಗಿನ ಮೊಹರಿತ್ತು. ಮುಟ್ಟಿದರೆ ರಾಜದ್ರೋಹ ಎಂದು ಚೀಟಿ ಅಂಟಿತ್ತು. ಸರಿ, ಯಂತ್ರದ ಮನೆ ಹಾಳಾಗಲಿ ಎಂದು ಕಾಗದ, ಸೀಸದಕಡ್ಡಿ, ಅಡಿಕೋಲು ಹಿಡಿದು ನೆಲದ ಮೇಲೆ ಕೂತಳು. ಎರಡು ಗಂಟೆಯಲ್ಲಿ ಬಾಗಿಲಿನ ನಕ್ಷೆ ಕೈಯಲ್ಲೇ ಮುಗಿಯಿತು. ಅದನ್ನು ಹಿಡಿದು ಸರ್ಕಾರಿ ಎರಕದ ಸಾಲೆಗೆ ಹೋದಳು.

ಸಾಲೆಯ ಯಜಮಾನ ಬೋರಾಚಾರಿ ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ನಿಮ್ಮಪ್ಪನ ಕೈಯೇ ಬಂದದೆ ಕಣಮ್ಮ ನಿಂಗೆ. ಇದ್ರಲ್ಲಿ ನಾನು ಮೂರು ದಿನಕ್ಕೆ ಬಾಗ್ಲು ಹೊಯ್ದು ಕೊಡ್ತೀನಿ."

"ಹಂಗಾರೆ ಹೊಯ್ಯಣ್ಣ."

"ಮೊಹರೆಲ್ಲದೆ?"

"ಮೊಹರಿಂದ ನೀರು ನಿಂತದಾ ಅಣ್ಣ, ಬಾಗ್ಲಿಂದ ನಿಂತದಾ?"

"ಅದು ನಂಗೂ ಗೊತ್ತು, ನಿಂಗೂ ಗೊತ್ತು. ಹೋದ ವರ್ಷ ಬಾಯಿ ಮಾತು ನಂಬ್ಕಂಡು ದೇವಸ್ಥಾನಕ್ಕೆ ಗಂಟೆ ಹೊಯ್ದ ನನ್ ಷಡ್ಡಕ ಇನ್ನೂ ಒಳಗವ್ನೆ. ಗಂಟೆ ಚೆನ್ನಾಗೇ ಹೊಡೀತದೆ, ಅದ್ರ ಸದ್ದು ಅವ್ನಿಗೆ ಜೈಲಿಗೇ ಕೇಳ್ತದೆ." ಅವನು ನಕ್ಷೆಯನ್ನು ಮಡಚಿ ಅವಳ ಕೈಗಿಟ್ಟ. "ಮೊಹರು ಹಾಕ್ಸಮ್ಮ. ಆ ಗಳಿಗೇಲಿ ಕುಲುಮೆ ಹಚ್ತೀನಿ."

ಬೇರೆ ದಾರಿ ಉಳಿಯಲಿಲ್ಲ. ಮಾರನೆಯ ದಿನ ದೇವೀರಮ್ಮ ಆಸ್ಥಾನಕ್ಕೆ ಹೋದಳು. ಅಲ್ಲಿ ತೂಬಿನ ಬಾಗಿಲಿನ ಯೋಜನೆ ಅವಧಿಗೆ ಮುನ್ನವೇ ಅತ್ಯುತ್ತಮವಾಗಿ ಸಾಗುತ್ತಿರುವುದಕ್ಕೆ ಅಭಿನಂದನಾ ನಿರ್ಣಯ ನಡೆಯುತ್ತಿತ್ತು. ಅದು ಮುಗಿಯುವವರೆಗೆ ಕಂಬದ ಬಳಿ ನಿಂತಳು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಯಾರೂ ನೋಡಬಾರದೆಂದು ಒಬ್ಬ ಸೇವಕ ಅವಳ ಮುಂದೆ ಹೂಕುಂಡ ತಂದಿಟ್ಟ.

"ಬುದ್ಧೀ" ಅಂದಳು, "ಯಂತ್ರ ಕೆಟ್ಟಿಲ್ಲ. ಗಡಿಯಾರ ಹಿಂದಕ್ಕೋಗದೆ ಅಂತ ಹೇಳ್ತಾ ಅದೆ. ಅದ ಸರಿ ಮಾಡ್ಸಿ, ಒಂದೇ ಗೆರೆ ತಿದ್ದಿ, ನಾಕ್ನೇ ದಿನ ಬಾಗ್ಲು ಕೂರುಸ್ಬೋದು. ಇಲ್ದಿದ್ರೆ ಕೆಳಗೇರಿ ಹೋಯ್ತದೆ. ನನ್ ಗಂಡ ಅದಕ್ಕಿಂತ ಮೊದ್ಲು ಹೋಯ್ತಾನೆ."

ಪ್ರಭುಗಳು ಹುಬ್ಬೇರಿಸಿದರು. "ನಮ್ಮ ರಾಜ್ಯದಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದವರು ಯಾರು?"

ನಿಮೇಷಾಚಾರ್ಯರು ಕೈ ಮುಗಿದರು. "ಯಾರೂ ಇಲ್ಲ ಮಹಾಪ್ರಭು. ಕಾಲವು ತಮ್ಮ ದರ್ಶನದಿಂದ ತೃಪ್ತಿಯಾಗದೆ ಅದೇ ದಿನಗಳನ್ನು ಮತ್ತೆ ಮತ್ತೆ ಹೊತ್ತು ತರುತ್ತಿದೆ. ಪರದೇಶದ ಯಂತ್ರ, ಅದಕ್ಕೆ ಭಕ್ತಿಯ ಅನುಭವವಿಲ್ಲ."

"ಭಲೇ!" ಎಂದಿತು ಆಸ್ಥಾನ.

"ಬುದ್ಧೀ, ರಾಜ್ಯಕ್ಕೆಲ್ಲ ಜ್ಯೇಷ್ಠನೇ ಇರ್ಲಿ" ದೇವೀರಮ್ಮ ಬಿಡಲಿಲ್ಲ. "ನನಗ್ಯಾಕೆ ಆ ಉಸಾಬರಿ? ಆ ಒಂದು ಕೋಣೆಗೆ ಮಾತ್ರ ದಿಟವಾದ ದಿನ ಕೊಡಿ. ಒಂದು ಗಳಿಗೆ ಸಾಕು. ಗೆರೆ ತಿದ್ದಿ ಈಚೆ ಬಂದ್ಬುಡ್ತೀನಿ."

ಪ್ರಭುಗಳು ಯೋಚಿಸಿದರು. ಅವರು ಯೋಚಿಸುವಾಗ ಆಸ್ಥಾನದ ಸಂಗೀತಗಾರರು ಮೆಲ್ಲಗೆ ತಂಬೂರಿ ಮೀಟುವ ಪದ್ಧತಿಯಿತ್ತು. ಮೀಟಿದರು.

"ಆ ಕೋಣೆಯನ್ನು ವಿದೇಶವೆಂದು ಘೋಷಿಸಿದರೆ?" ಎಂದರು ಪ್ರಭುಗಳು.

ನಿಮೇಷಾಚಾರ್ಯರ ಕಣ್ಣಲ್ಲಿ ನೀರು ಬಂತು. "ವಿಶೇಷ ಕಾಲವಲಯ! ಮಹಾಪ್ರಭು, ಲೋಕದಲ್ಲಿ ಇಂಥದು ಎಲ್ಲೂ ಇಲ್ಲ. ಹೂಡಿಕೆದಾರರು ಸಾಲುಗಟ್ಟಿ ಬರುತ್ತಾರೆ."

ದೇವೀರಮ್ಮ ಕೇಳಿದ್ದು ಒಂದು ಗಳಿಗೆ. ವಿಶೇಷ ಕಾಲವಲಯ ಸಿದ್ಧವಾಗಲು ಐದು ದಿನ ಹಿಡಿಯಿತು. ನಕ್ಷಾಭವನದ ಯಂತ್ರದ ಕೋಣೆಯ ಬಾಗಿಲಿಗೆ ಗಡಿ ಕಲ್ಲು ನೆಟ್ಟರು, ಇಬ್ಬರು ಪಹರೆಯವರು ನಿಂತರು, ಒಳಗಿನ ಗಡಿಯಾರವನ್ನು ಭಾದ್ರಪದಕ್ಕೆ ತಿರುಗಿಸಿದರು, ಹೊಸಿಲ ಮೇಲೆ ಬಣ್ಣದ ಟೇಪು ಕಟ್ಟಿದರು. ಪ್ರಭುಗಳು ಟೇಪು ಕತ್ತರಿಸಿ, ಒಂದು ಕಾಲು ಭಾದ್ರಪದದಲ್ಲೂ ಒಂದು ಕಾಲು ಜ್ಯೇಷ್ಠದಲ್ಲೂ ಇಟ್ಟು ಫೋಟೊ ತೆಗೆಸಿಕೊಂಡರು. ದೇವೀರಮ್ಮನಿಗೆ ತನ್ನ ಮೇಜಿನ ಬಳಿ ಹೋಗಲು ರಹದಾರಿ ಕೊಟ್ಟರು. ಭೇಟಿಯ ಉದ್ದೇಶ ಎಂಬಲ್ಲಿ ಅವಳು 'ಎರಡು ಅಂಗುಲ' ಎಂದು ಬರೆದಳು.

ಒಳಗೆ ಹೋಗಿ ಯಂತ್ರ ಹಚ್ಚಿದಳು. ಚೌಕ ಬರಲಿಲ್ಲ. ಸರ್ವರ್ ಹೂಂ ಅಂದಿತು. ಎರಡೂವರೆ ತಿಂಗಳಿಂದ ನಿಂತಲ್ಲೇ ನಿಂತಿದ್ದ ತೂಬಿನ ಬಾಗಿಲು ಪರದೆಯ ಮೇಲೆ ಮೂಡಿತು. ಅವಳು ಗೆರೆಯನ್ನು ಹಿಡಿದು ಎರಡು ಅಂಗುಲ ಸರಿಸಿದಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ನಕ್ಷೆ ಅಚ್ಚಾಗಿ ಹೊರಬಂತು, ಕೆಳಗಿನ ಮೂಲೆಯಲ್ಲಿ ರೇಖಾಬ್ರಹ್ಮದ ಮೊಹರು. ಕಾಗದ ಇನ್ನೂ ಬಿಸಿಯಾಗಿತ್ತು. ಅದನ್ನು ಎದೆಗವಚಿಕೊಂಡು ಅಚ್ಚಣ್ಣಯ್ಯನವರ ಬಳಿ ಓಡಿದಳು. ಕಬ್ಬಿಣ ಬಿಡುಗಡೆಗೆ ಅವರ ರುಜು ಬೇಕಿತ್ತು. ನೀರು ಆ ಬೆಳಗ್ಗೆ ಒಂಬತ್ತನೆಯ ಮೆಟ್ಟಿಲಿಗೆ ಒಂದು ಮೊಳ ಕೆಳಗಿತ್ತು.

ಅಚ್ಚಣ್ಣಯ್ಯ ಕನ್ನಡಕ ಹಾಕಿಕೊಂಡರು. "ಬಹಳ ಸೊಗಸಾಗಿದೆ ತಾಯಿ." ಲೇಖನಿಯ ಮುಚ್ಚಳ ತೆಗೆದರು. ಮತ್ತೆ ಹಾಕಿದರು. "ಇಲ್ಲಿ ಮೊಹರಿನೊಳಗೆ ತಾರೀಖು ಭಾದ್ರಪದ ಎಂದಿದೆಯಲ್ಲ?"

"ಹೂಂ ಸ್ವಾಮಿ. ಯಂತ್ರವೇ ಹಾಕ್ತದೆ."

"ಭಾದ್ರಪದ ಇನ್ನೂ ಬಂದಿಲ್ಲವಲ್ಲ ತಾಯಿ."

"ಆ ಹೊಸಿಲೊಳಗೆ ಬಂದದೆ ಸ್ವಾಮಿ. ಮಹಾರಾಜ್ರೇ ಕತ್ರಿ ಹಿಡ್ದು ಬರುಸ್ಕಂಡವ್ರೆ."

"ಒಳಗೆ ಬಂದಿರಬಹುದು. ಕೆರೆ ಇರುವುದು ಹೊರಗೆ." ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಮೂರು ತಿಂಗಳ ಮುಂದಿನ ನಕ್ಷೆಗೆ ಇವತ್ತು ಕಬ್ಬಿಣ ಬಿಟ್ಟರೆ ನಾಳೆ ತಪಾಸಣೆಯವರು ಏನು ಕೇಳುತ್ತಾರೆ? ಆಗದ ಕೆಲಸಕ್ಕೆ ಯಾಕೆ ಕೊಟ್ಟೆ ಎಂದು ಕೇಳುತ್ತಾರೆ. ನಾನು ನಿಮ್ಮ ಪರವಾಗಿಯೇ ಇದ್ದೇನೆ. ಕಡತ ಕಟ್ಟಿ ಇಡುತ್ತೇನೆ, ತಾರೀಖು ಬಂದ ದಿನವೇ ಮೊದಲ ರುಜು ಇದಕ್ಕೆ."

"ಆ ತಾರೀಖು ಬರೋದ್ ಬಾಗ್ಲಾದ್ ಮ್ಯಾಲೆ. ಬಾಗ್ಲಾಗೋದು ತಾರೀಖು ಬಂದ್ ಮ್ಯಾಲೆ." ದೇವೀರಮ್ಮ ನಕ್ಷೆಯನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದಳು. "ನಿಮ್ಗೆ ಮಕ್ಳವ್ರಾ ಸ್ವಾಮಿ?"

"ಇಬ್ಬರು."

"ಎಲ್ಲದೆ ಮನೆ?"

"ಮೇಲುಪೇಟೆ, ಗುಡ್ಡದ ಮೇಲೆ. ಗಾಳಿ ಬಹಳ ಚೆನ್ನಾಗಿದೆ ತಾಯಿ" ಎಂದರು ಅಚ್ಚಣ್ಣಯ್ಯ, ಪ್ರಶ್ನೆ ಅರ್ಥವಾಗದೆ.

ಅವಳು ಬ್ಲೇಡಿನಿಂದ ತಾರೀಖನ್ನು ಕೆರೆದು ನೋಡಿದಳು. ತಾರೀಖಿನ ಜೊತೆ ಮೊಹರೂ ಹೋಯಿತು. ಇನ್ನೊಂದು ಪ್ರತಿ ತೆಗೆಯೋಣವೆಂದು ಓಡಿದರೆ, ರಹದಾರಿ ಒಂದು ಸಲದ ಪ್ರವೇಶಕ್ಕೆ ಮಾತ್ರ ಎಂದು ಪಹರೆಯವರು ಗಡಿ ಕಲ್ಲಿನ ಬಳಿಯೇ ತಡೆದರು. ಮೊಹರು ಹರಿದ ಆ ನಕ್ಷೆಯನ್ನೇ ಬೋರಾಚಾರಿಯ ಮುಂದೆ ಹಿಡಿದಳು. ಅವನು ಅದನ್ನು ನೋಡಿದ, ಅವಳ ಮುಖ ನೋಡಿದ, ಎದ್ದು ಕುಲುಮೆ ಹಚ್ಚಿದ. ಕುಲುಮೆ ಕಾಯಿತು. ಆದರೆ ಹೊಯ್ಯಲು ಕಬ್ಬಿಣ ಉಗ್ರಾಣದಲ್ಲಿತ್ತು, ಉಗ್ರಾಣಕ್ಕೆ ಬೀಗವಿತ್ತು, ಬೀಗಕ್ಕೆ ಅಚ್ಚಣ್ಣಯ್ಯನವರ ರುಜು ಬೇಕಿತ್ತು. ಸಂಜೆಯವರೆಗೆ ಬರಿಯ ಕುಲುಮೆ ಉರಿಯಿತು.

ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ಬೆಳಗ್ಗೆ ನೀರು ಹನ್ನೊಂದನೆಯ ಮೆಟ್ಟಿಲ ಮೇಲಿತ್ತು. ಏರಿಯ ಹೊರಮೈಯಲ್ಲಿ ಎರಡು ಕಡೆ ಕೆಂಪು ನೀರು ಜಿನುಗುವುದನ್ನು ಕೆಳಗೇರಿಯವರು ಕಂಡರು. ಹೆಂಗಸರು ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಮೇಲುಪೇಟೆಯ ದಾರಿ ಹಿಡಿದರು. ಜ್ಯೇಷ್ಠದಲ್ಲಿ ಪ್ರವಾಹಕ್ಕೆ ಹೆದರಿ ಊರು ಬಿಡುವುದು ವದಂತಿಗೆ ಸಮ ಎಂದು ಗುಡ್ಡದ ಬುಡದಲ್ಲೇ ಪಹರೆಯವರು ಅವರನ್ನು ತಡೆದು ನಿಲ್ಲಿಸಿದರು.

ಜವರಯ್ಯ ಅಂಗಿ ಬಿಚ್ಚಿ ಮಡಚಿ ಕಟ್ಟೆಯ ಮೇಲಿಟ್ಟ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ, ಅದರ ತುದಿಯನ್ನು ನಾಲ್ಕು ಜನ ಹಿಡಿದರು. ಆ ಸೆಳೆತಕ್ಕೆ ಹಗ್ಗ ತಡೆಯುವುದಿಲ್ಲ ಎಂದು ಹಿಡಿದವರಿಗೂ ಗೊತ್ತಿತ್ತು.

"ಇನ್ನೊಂದ್ಸಲ ಆಸ್ಥಾನಕ್ಕೆ ಹೋಗಿ ಬತ್ತೀನಿ, ತಡೀರಿ" ಅಂದಳು ದೇವೀರಮ್ಮ.

"ಅವ್ರು ಇನ್ನೊಂದು ಕೋಣೆ ಉದ್ಘಾಟನೆ ಮಾಡಾರು, ಸುಮ್ನಿರಮ್ಮಿ." ಅವನು ಸುತ್ತಿಗೆಯನ್ನು ನೀರಲ್ಲಿ ಅದ್ದಿ ತೆಗೆದ. "ಒಂಬತ್ತು ಅಂಗುಲಾನೇ ಕಣೆ. ನಾನೇ ಗೇಣಾಕಿದ್ದು. ನೀನ್ ಬರ್ದಿದ್ದು ಸರಿಯಾಗೇ ಅದೆ."

ಇಳಿದ. ನೀರಿನೊಳಗಿನಿಂದ ಮೂರು ಪೆಟ್ಟಿನ ಸದ್ದು ಕಟ್ಟೆಯ ಕಲ್ಲಿಗೆ ಬಂತು. ನಾಲ್ಕನೆಯದಕ್ಕೆ ಏರಿಯೇ ಒಮ್ಮೆ ಅದುರಿತು. ತೂಬಿನ ಹೊರಬಾಯಿಂದ ನೀರು ಮರದ ಚೂರುಗಳನ್ನು ಉಗುಳುತ್ತ ಕಾಲುವೆಗೆ ನುಗ್ಗಿತು. ಹಗ್ಗ ಹಿಡಿದ ನಾಲ್ವರೂ ಮುಗ್ಗರಿಸಿದರು, ಆಮೇಲೆ ಅವರ ಕೈಯಲ್ಲಿ ಬರಿಯ ಹಗ್ಗವಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಆರನೆಯ ಮೆಟ್ಟಿಲಿಗೆ ಇಳಿಯಿತು. ಕೆಳಗೇರಿ ಉಳಿಯಿತು. ಜವರಯ್ಯ ಎರಡು ಹರದಾರಿ ಆಚೆ, ಕಾಲುವೆಯ ತಿರುವಿನಲ್ಲಿ ಸಿಕ್ಕಿದ.

ಅರಮನೆಗೆ ಸುದ್ದಿ ಮುಟ್ಟಿತು. ನಿಮೇಷಾಚಾರ್ಯರು ಆಸ್ಥಾನದಲ್ಲಿ ಎದ್ದು ನಿಂತರು.

"ಮಹಾಪ್ರಭು, ಕೆಳಗೇರಿ ಮುಳುಗಿಲ್ಲ. ಆಷಾಢ ಶ್ರಾವಣ ಬಂದುಹೋಗಿ ಭಾದ್ರಪದವೇ ನಡೆದಿದ್ದರೆ, ಬಾಗಿಲಿಲ್ಲದ ಕೆರೆ ತುಂಬಿ ಒಡೆದು ಕೆಳಗೇರಿ ಇಷ್ಟು ಹೊತ್ತಿಗೆ ಕೊಚ್ಚಿಹೋಗಬೇಕಿತ್ತು. ಹೋಗಿಲ್ಲ. ಆದ್ದರಿಂದ ಇದು ಜ್ಯೇಷ್ಠ ಎಂಬುದು ಇನ್ನು ವಾದವಲ್ಲ, ವಿಜ್ಞಾನ."

ಆಸ್ಥಾನ ಎದ್ದು ನಿಂತಿತು. ಅದೇ ವಾರ ಪ್ರಭುಗಳಿಗೆ 'ಕಾಲನಿಗ್ರಹ ಚಕ್ರವರ್ತಿ' ಎಂಬ ಬಿರುದು, ಮುಳ್ಳಿಲ್ಲದ ಗಡಿಯಾರ ಕೂರಿಸಿದ ಬಂಗಾರದ ಕಿರೀಟ ಸಂದವು. ವಿಶೇಷ ಕಾಲವಲಯವನ್ನು ನೋಡಲು ನೆರೆಯ ರಾಜ್ಯಗಳಿಂದ ನಿಯೋಗಗಳು ಬಂದವು. ಐದನೆಯ ಜ್ಯೇಷ್ಠವನ್ನು ಸಂಭ್ರಮದಿಂದ ಘೋಷಿಸಲಾಯಿತು.

ದೇವೀರಮ್ಮ ಗಂಡನ ಮರಣಪತ್ರಕ್ಕೆ ಅರ್ಜಿ ಹಾಕಿದಳು. ದಾಖಲೆಯ ಗುಮಾಸ್ತ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಯಾವತ್ತು ಹೋದ್ರು ಅಂದ್ರಿ?"

"ಭಾದ್ರಪದ ಬಹುಳ ತದಿಗೆ."

"ಆ ದಿನ ಬಂದಿಲ್ವಲ್ಲಮ್ಮ. ಬಾರದ ದಿನ ಸತ್ತೋರ್ನ ಹೆಂಗೆ ಬರ್ಕೊಳ್ಳಿ? ಪುಸ್ತಕದಲ್ಲಿ ಅಂಕಣವೇ ಇಲ್ಲ. ಸದ್ಯಕ್ಕೆ ಬದುಕವ್ರೆ ಅಂತ್ಲೇ ಇರ್ಲಿ, ನಿಮ್ಗೂ ಒಳ್ಳೇದಲ್ವಾ?"

ಬದುಕಿರುವ ನೀರುಗಂಟಿ ಕೆಲಸಕ್ಕೆ ಬರುತ್ತಿಲ್ಲವೆಂದು ಹದಿನೈದು ದಿನಕ್ಕೆ ನೀರಾವರಿ ಇಲಾಖೆಯ ನೋಟೀಸು ಬಂತು. ಸರ್ಕಾರಿ ಸ್ವತ್ತಾದ ತೂಬಿನ ಬಾಗಿಲನ್ನು ಒಡೆದು ತಲೆಮರೆಸಿಕೊಂಡಿದ್ದಾನೆ ಎಂದೂ ಅದರಲ್ಲಿತ್ತು. ಹುದ್ದೆ ಖಾಲಿಯಾಗಿಲ್ಲವಾದ್ದರಿಂದ ಬೇರೊಬ್ಬನನ್ನು ನೇಮಿಸುವ ಹಾಗಿರಲಿಲ್ಲ. ಬಾಗಿಲಿಲ್ಲದ ತೂಬಿನಿಂದ ನೀರು ಹಗಲಿರುಳು ಹರಿದು ಹೋಗುತ್ತಿತ್ತು. ಹೀಗೆ ಬಿಟ್ಟರೆ ಬೇಸಗೆಗೆ ಕುಡಿಯಲೂ ಉಳಿಯುವುದಿಲ್ಲ, ಜಲವಿಹಾರ ಮಂಟಪವಂತೂ ಕೆಸರಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಆಜ್ಞೆ ಹೊರಟಿತು: ಕೆಳಗೇರಿಯ ಪ್ರತಿ ಮನೆಯಿಂದ ಒಬ್ಬೊಬ್ಬರು, ಸರದಿಯ ಮೇಲೆ, ತೂಬಿನ ಬಾಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು, ಹುಲ್ಲಿನ ಕಟ್ಟುಗಳನ್ನು ಬೆನ್ನಿನಿಂದ ಒತ್ತಿ ಹಿಡಿದು ನೀರು ತಡೆಯತಕ್ಕದ್ದು. ಆಷಾಢ ಬರುವವರೆಗೆ ಮಾತ್ರ.

ಡಂಗುರದವನು ಏರಿಯ ಮೇಲೆ ನಿಂತು ಸರದಿಯ ಪಟ್ಟಿ ಓದಿದ. ನೂರಿಪ್ಪತ್ತು ಮನೆಗಳ ಹೆಸರಿದ್ದವು. ಮೊದಲ ಹೆಸರು ಜವರಯ್ಯನ ಮನೆ.

ದೇವೀರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಹುಲ್ಲಿನ ಕಟ್ಟನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.